ಮೊದಲು ನೆಲ, ಆಮೇಲೆ ಸೈನಿಕ: ಮಂಗಳದ ಮಣ್ಣಿನ ಮೇಲೆ ಒಂದು ಮಿನಿಯೇಚರ್ ನಿಲ್ಲಿಸೋಣ

ನಾನು ಬಣ್ಣ ಹಚ್ಚಿದ ಮೊದಲ ಐದು ಸ್ಪೇಸ್ ಮರೀನ್‌ಗಳು, ಅಂದರೆ ವಾರ್‌ಹ್ಯಾಮರ್ ಆಟದ ಪುಟ್ಟ ಪ್ಲಾಸ್ಟಿಕ್ ಸೈನಿಕರು, ಈಗಲೂ ಶೋಕೇಸ್‌ನಲ್ಲಿವೆ. ಬಣ್ಣ ಅಂಥ ಕೆಟ್ಟದಾಗೇನೂ ಬಂದಿಲ್ಲ. ಆದರೆ ಐದು ಜನರೂ ಸೋಡಾ ಬಾಟಲಿ ಮುಚ್ಚಳದ ಮೇಲೆ ಹತ್ತಿ ನಿಂತ ಹಾಗೆ ಕಾಣುತ್ತಾರೆ. ತಿಂಗಳುಗಟ್ಟಲೆ ರಕ್ಷಾಕವಚಕ್ಕೆ ಬಣ್ಣ ಹಚ್ಚಿ, ಕೊನೆಗೆ ಸುಸ್ತಾಗಿ, ಕಾಲ ಕೆಳಗಿನ ಕಪ್ಪು ಪ್ಲಾಸ್ಟಿಕ್ ಬಿಲ್ಲೆಗೆ ಒಂದಿಷ್ಟು ಹಸಿರು ಬಳಿದು ಕೈ ತೊಳೆದುಕೊಂಡಿದ್ದೆ. ಅವರು ಎಲ್ಲಿದ್ದಾರೆ, ಹುಲ್ಲಿನ ಮೇಲಾ, ಕಾರ್ಪೆಟ್ ಮೇಲಾ, ದೇವರಿಗೇ ಗೊತ್ತು.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಈಗ ಮೊದಲು ನೆಲ ಯಾವುದು ಅಂತ ತೀರ್ಮಾನ ಮಾಡುತ್ತೇನೆ. ಆ ನೆಲವನ್ನು ಕಟ್ಟುತ್ತೇನೆ. ಅದರ ಮೇಲೆ ನಿಲ್ಲುವವನ ಬಣ್ಣ, ಅವನ ಬೂಟಿನ ಧೂಳು, ಅವನ ಭಂಗಿ ಎಲ್ಲ ಆಮೇಲೆ. ಈ ಬರಹದಲ್ಲಿ ಒಂದೇ ಒಂದು ಗೊಂಬೆಯನ್ನು ಹಾಗೆ ಮೊದಲಿನಿಂದ ಕೊನೆಯವರೆಗೆ ಮಾಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ವಾರ್‌ಹ್ಯಾಮರ್ 40,000 ಅನ್ನುವುದು ಮೇಜಿನ ಮೇಲೆ ಆಡುವ ಯುದ್ಧದ ಆಟ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಇದನ್ನು 1987ರಲ್ಲಿ ಹೊರತಂದಿತು. ಕಂಪನಿಯ ಮುಖ್ಯ ಕಚೇರಿ ಇರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಕಥೆ ನಡೆಯುವುದು ಈಗಿನಿಂದ ಸುಮಾರು 38 ಸಾವಿರ ವರ್ಷ ಮುಂದೆ. ಸೈನಿಕರು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೈ, ಕಾಲು, ತಲೆ ಬೇರೆ ಬೇರೆಯಾಗಿ ಬರುತ್ತಾರೆ. ಬಣ್ಣ ಇರುವುದಿಲ್ಲ. ಜೋಡಿಸುವುದೂ ನಾವೇ, ಬಣ್ಣ ಹಚ್ಚುವುದೂ ನಾವೇ. ಆಟವೇ ಆಡದೆ ಬರೀ ಬಣ್ಣ ಹಚ್ಚಿಕೊಂಡು ಇರುವವರೂ ಬೇಕಾದಷ್ಟು ಜನ ಇದ್ದಾರೆ. ನಾನೂ ಅದೇ ಪಂಗಡ.

ಗೊಂಬೆ ಹಬ್ಬಕ್ಕೆ ಮನೆಯಲ್ಲಿ ಪಾರ್ಕ್ ಮಾಡಿದವರಿಗೆ ಈ ಕೆಲಸ ಪೂರ್ತಿ ಹೊಸದಲ್ಲ. ರಾಗಿ ಮೊಳಕೆ ಬರಿಸಿ ಹುಲ್ಲು, ಕನ್ನಡಿ ತುಂಡು ಇಟ್ಟು ಕೆರೆ, ಬಣ್ಣದ ಮರದ ಪುಡಿಯಲ್ಲಿ ದಾರಿ. ಬೇಸ್, ಅಂದರೆ ಗೊಂಬೆ ನಿಲ್ಲುವ ಆ ಬಿಲ್ಲೆ, ಮಾಡುವುದು ಅಂದರೆ ಅದೇ. ಜಾಗ ಮಾತ್ರ 32 ಮಿ.ಮೀ. ಅಗಲ.

ನೆಲ ಯಾವುದು?

ನಮ್ಮ ಸೈನಿಕ ನೀಲಿ ಕವಚದ ಅಲ್ಟ್ರಾಮರೀನ್, ಸ್ಪೇಸ್ ಮರೀನ್‌ಗಳಲ್ಲೇ ಒಂದು ಪಡೆಯವನು. ಅವನಿಗೆ ನಾನು ಮಂಗಳ ಗ್ರಹದ ನೆಲ ಆರಿಸುತ್ತೇನೆ. ಮೊದಲ ಕಾರಣ ಬಣ್ಣ. ನೀಲಿಯ ಎದುರು ಕಿತ್ತಳೆ ಮಿಶ್ರಿತ ಕೆಂಪು ಇಟ್ಟರೆ ಎರಡೂ ಎದ್ದು ಕಾಣುತ್ತವೆ. ಇದೇ ಮಣ್ಣಿನ ಮೇಲೆ ಕೆಂಪು ನಿಲುವಂಗಿಯವನನ್ನು ನಿಲ್ಲಿಸಿ ನೋಡಿ, ಮೂರು ಅಡಿ ದೂರದಿಂದ ಆಳು ಯಾವುದು ನೆಲ ಯಾವುದು ಗೊತ್ತಾಗುವುದಿಲ್ಲ. ಎರಡನೆಯ ಕಾರಣ ಕಥೆಯದ್ದು. ಈ ಆಟದ ಲೋಕದಲ್ಲಿ ಮಂಗಳ ಇಡೀ ಗ್ರಹವೇ ಒಂದು ಕಾರ್ಖಾನೆ. ಯಂತ್ರಗಳನ್ನೇ ಪೂಜಿಸುವ ಪಂಥದವರ ತವರು. ಹಾಗಾಗಿ ಮಣ್ಣಿನ ಜೊತೆ ಕಬ್ಬಿಣ, ಪೈಪು, ತಂತಿ ಎಲ್ಲ ಹಾಕಬಹುದು.

ಮೂರನೆಯ ಕಾರಣ ನನಗೆ ಬಹಳ ಇಷ್ಟ. ಮಂಗಳ ಕೆಂಪಾಗಿರುವುದು ಕಬ್ಬಿಣದ ಆಕ್ಸೈಡ್‌ನಿಂದ. ನಮ್ಮ ಕಡೆಯ ಹಳೆ ಮನೆಗಳ ಕೆಂಪು ನೆಲ, ರೆಡ್ ಆಕ್ಸೈಡ್ ನೆಲ ಅಂತೀವಲ್ಲ, ಅದೂ ಕಬ್ಬಿಣದ ಆಕ್ಸೈಡೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಆ ಪುಡಿ ಪೊಟ್ಟಣದಲ್ಲಿ ಸಿಗುತ್ತದೆ. ಮಿನಿಯೇಚರ್ ಅಂಗಡಿಯವರು ಚಿಕ್ಕ ಸೀಸೆಯಲ್ಲಿ ತುಂಬಿ ಪಿಗ್ಮೆಂಟ್ ಅಂತ ಮಾರುವ ಕೆಂಪು ಪುಡಿಗೂ ಇದಕ್ಕೂ ಬಂಧು ಸಂಬಂಧ. ಅಂದರೆ ಅಜ್ಜಿ ಮನೆಯ ಜಗಲಿ ನೆಲಕ್ಕೆ ಹಾಕಿದ್ದನ್ನೇ ಇಲ್ಲಿ ಮಂಗಳಕ್ಕೆ ಹಾಕುತ್ತೇವೆ.

ಒಂದು ವಿಷಯ ಮಾತ್ರ ನೆನಪಿರಲಿ. ಮಂಗಳದಲ್ಲಿ ಕಲ್ಲೆಲ್ಲ ಒಳಗಿಂದಲೂ ಕೆಂಪಲ್ಲ. 2013ರ ಫೆಬ್ರವರಿಯಲ್ಲಿ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ ಒಂದು ಬಂಡೆಗೆ ಡ್ರಿಲ್ ಹಾಕಿತು. ಹೊರಗೆ ಬಂದದ್ದು ಬೂದು ಬಣ್ಣದ ಪುಡಿ. ಕೆಂಪು ಇದ್ದದ್ದು ಮೇಲಿನ ತೆಳುವಾದ ಪದರದಲ್ಲಿ ಮಾತ್ರ. ಬಣ್ಣ ಹಚ್ಚುವವರಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಕಲ್ಲನ್ನು ಬೂದಿ ಬಣ್ಣದಲ್ಲೇ ಮಾಡಿ, ಕೆಂಪು ಧೂಳನ್ನು ಮೇಲಿನಿಂದ ಉದುರಿಸಬೇಕು. ಬಂಡೆಯ ನೆತ್ತಿಯಲ್ಲಿ, ಸಂದಿಯಲ್ಲಿ, ಬುಡದಲ್ಲಿ ಧೂಳು. ನೆಟ್ಟಗಿನ ಗೋಡೆಯಲ್ಲಿ ಬೂದು. ಇಷ್ಟು ಮಾಡಿದರೆ ಬೇಸ್ ಇಟ್ಟಿಗೆ ಪುಡಿ ಸುರಿದ ಹಾಗೆ ಕಾಣುವುದಿಲ್ಲ.

ಸಾಮಾನು

ಗೊಂಬೆ ಮತ್ತು ಅದರ ಬಣ್ಣಕ್ಕೆ ದುಡ್ಡು ಖರ್ಚು ಮಾಡಿ, ನೆಲಕ್ಕೆ ಮಾಡಬೇಡಿ. ನನ್ನ ನಿಯಮ ಇಷ್ಟೇ. ಸಿಟಾಡೆಲ್, ವಲ್ಲೆಹೋ, ಆರ್ಮಿ ಪೇಂಟರ್ ಇಂಥ ಮಿನಿಯೇಚರ್ ಬಣ್ಣಗಳಲ್ಲಿ ಬಣ್ಣದ ಕಣ ಬಹಳ ನಯವಾಗಿರುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೂ ಮುಚ್ಚುತ್ತದೆ. ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಟ್ಯೂಬ್‌ಗಳು ಗೊಂಬೆಯ ಮುಖಕ್ಕೆ ಒರಟಾಗುತ್ತವೆ, ಆದರೆ ಮಣ್ಣು ಕಲ್ಲಿಗೆ ಧಾರಾಳವಾಗಿ ಸಾಕು. ಈ ಕೆಲಸಕ್ಕೆ ಬೇಕಾದ ಬಣ್ಣ: ಗಾಢ ನೀಲಿ, ತಿಳಿ ನೀಲಿ, ಬೂದು ಮಿಶ್ರಿತ ತಿಳಿ ನೀಲಿ, ಬೆಳ್ಳಿ, ಚಿನ್ನ, ಕಪ್ಪು, ಕೆಂಪು, ಕಿತ್ತಳೆ, ಬಿಳಿ, ಗಾಢ ಕಂದು, ತಿಳಿ ಮರಳು ಬಣ್ಣ. ಜೊತೆಗೆ ವಾಶ್, ಅಂದರೆ ಸಂದಿಗೆ ಇಳಿಯುವ ತೆಳು ಬಣ್ಣ, ಕಪ್ಪು ಒಂದು, ಕಂದು ಒಂದು. ಸಿಟಾಡೆಲ್‌ನಲ್ಲಿ ಇವಕ್ಕೆ ನಲ್ನ್ ಆಯಿಲ್, ಅಗ್ರಾಕ್ಸ್ ಅರ್ತ್‌ಶೇಡ್ ಅಂತ ಹೆಸರು. ಹೆಸರಲ್ಲಿ ಆಯಿಲ್ ಇದ್ದರೂ ಎಣ್ಣೆಯಲ್ಲ, ನೀರಿನ ಬಣ್ಣವೇ.

ಬ್ರಶ್ ಮೂರು ಸಾಕು. ಮೊನಚಾದ 1 ನಂಬರ್, 0 ನಂಬರ್, ಮತ್ತು ಒಂದು ಹಳೆ ಚಪ್ಪಟೆ ಬ್ರಶ್. ಹೊಸಬರು ಕಣ್ಣಿಗೆ ಅಂತ 000 ತರುತ್ತಾರೆ. ಅದರ ತುದಿಯಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಕೂದಲಿನ ಗಾತ್ರಕ್ಕಿಂತ ತುದಿ ಮುಖ್ಯ. ಮುಂಗುಸಿ ಕೂದಲಿನ ಬ್ರಶ್ ಯಾರಾದರೂ ತೋರಿಸಿದರೆ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಒಳ್ಳೆ ಸಿಂಥೆಟಿಕ್ ಬ್ರಶ್ ತಗೊಂಡು, ಕೆಲಸ ಮುಗಿದ ಮೇಲೆ ಮೈ ಸೋಪಿಗೆ ತಿಕ್ಕಿ ತೊಳೆದು, ಬೆರಳಲ್ಲಿ ಮೊನೆ ಮಾಡಿ ಇಟ್ಟರೆ ಬಹಳ ದಿನ ಬರುತ್ತದೆ.

ಬೇಸ್‌ಗೆ: ಬಿಳಿ ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್, ಕಾರ್ಕ್ ಶೀಟ್, ಜರಡಿ ಹಿಡಿದ ಮರಳು, ರೆಡ್ ಆಕ್ಸೈಡ್ ಪುಡಿ. ಉಳಿದದ್ದು ಕಸದ ಬುಟ್ಟಿಯಲ್ಲಿದೆ.

ಆ ಕಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಖಾಲಿ ಪೆನ್ ರೀಫಿಲ್ ಅಂದರೆ ಪೈಪು. ಅವಧಿ ಮುಗಿದ ಎಟಿಎಂ ಕಾರ್ಡ್ ಕತ್ತರಿಸಿದರೆ ಉಕ್ಕಿನ ಹಲಗೆ. ಸೊಳ್ಳೆ ಪರದೆಯ ತುಂಡು, ಇಲ್ಲಾ ಹಾಳಾದ ಟೀ ಸೋಸುವ ಜಾಲರಿ, ಕಾರ್ಖಾನೆಯ ನೆಲದ ಜಾಲಿ. ಸ್ಟೇಪಲ್ ಪಿನ್ನು ಸಾಲಾಗಿ ಅಂಟಿಸಿದರೆ ಏಣಿ ಮೆಟ್ಟಿಲು. ಗಿಟಾರಿನ ಕಡಿದ ದಪ್ಪ ತಂತಿ ಸುರುಳಿ ಸುತ್ತಿದ ಕೇಬಲ್ಲೇ ಹೌದು. ಬೆಂಗಳೂರಿನಲ್ಲಿ ಇರುವವರು ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿ. ರೆಸಿಸ್ಟರ್, ಹಳೆ ಐಸಿ, ತಾಮ್ರದ ತಂತಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ರೆಸಿಸ್ಟರ್ ಎರಡು ಪೈಪ್ ಸೇರುವ ಜಾಗದಲ್ಲಿ ಇಟ್ಟರೆ ವಾಲ್ವ್ ಥರ ಕಾಣುತ್ತದೆ. ಐಸಿಯ ಬೆಳ್ಳಿ ಕಾಲುಗಳನ್ನು ಕತ್ತರಿಸಿ ಹಾಕಿದರೆ ಯಂತ್ರದ ಮುಚ್ಚಳ. ಬೆಸುಗೆ ತಂತಿ ಹೇಗೆ ಬೇಕಾದರೂ ಬಾಗುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಸೀಸ ಇರುತ್ತದೆ. ಮುಟ್ಟಿದರೆ ಕೈ ತೊಳೆದೇ ಊಟಕ್ಕೆ ಕೂರಿ.

ಅಡುಗೆ ಮನೆಯ ಸಾಮಾನು ಮಾತ್ರ ಯೋಚಿಸಿ ಬಳಸಿ. ನಾನೊಮ್ಮೆ ಜಾಣತನ ಮಾಡಿ ಜಲ್ಲಿಯ ಬದಲು ಬನ್ಸಿ ರವೆ ಹಾಕಿದೆ. ನೋಡಲು ಸೊಗಸಾಗಿತ್ತು. ಮಳೆಗಾಲ ಬಂತು, ಇರುವೆಗಳು ನನ್ನ ಮಂಗಳ ಗ್ರಹವನ್ನು ಕಾಳು ಕಾಳಾಗಿ ಹೊತ್ತುಕೊಂಡು ಹೋದವು. ಅರಿಶಿನವನ್ನು ಹಳದಿ ಧೂಳಾಗಿ ಬಳಸಬಹುದಲ್ವಾ ಅಂತಲೂ ಕೇಳುವವರಿದ್ದಾರೆ. ಬೇಡ. ಬಿಸಿಲು, ಬೆಳಕಿಗೆ ಅರಿಶಿನದ ಬಣ್ಣ ಹಾರಿಹೋಗುತ್ತದೆ. ಕಬ್ಬಿಣದ ಆಕ್ಸೈಡ್ ಹಾಗಲ್ಲ, ಅದು ಬೆಳಕಿಗೆ ಜಗ್ಗುವುದಿಲ್ಲ.

ನೆಲ ಕಟ್ಟುವುದು

ಮೊದಲು ಗೊಂಬೆಯ ಎರಡು ಕಾಲು ಮಾತ್ರ ಜೋಡಿಸಿ ಬೇಸ್ ಮೇಲೆ ಇಟ್ಟು ನೋಡಿ. ನಟ್ಟನಡುವೆ ಬೇಡ, ಸ್ವಲ್ಪ ಹಿಂದಕ್ಕೆ ಸರಿಸಿ. ಒಂದು ಕಾಲು ಬಂಡೆಯ ಮೇಲೆ ಬಂದರೆ ಚೆಂದ. ಬೂಟಿನ ಸುತ್ತ ಪೆನ್ಸಿಲ್ ಗುರುತು ಹಾಕಿ. ಈ ಜಾಗ ಖಾಲಿ ಇರಬೇಕು. ಇದನ್ನು ಮರೆತು ಚೆಂದದ ಬೇಸ್ ಕಟ್ಟಿ, ಕೊನೆಗೆ ನಿಲ್ಲಿಸಲು ಜಾಗವಿಲ್ಲದೆ ಕೂತವರಲ್ಲಿ ನಾನೂ ಒಬ್ಬ.

ಕಾರ್ಕ್ ಶೀಟನ್ನು ಕತ್ತರಿಸಬೇಡಿ, ಕೈಯಲ್ಲಿ ಮುರಿಯಿರಿ. ಹರಿದ ಅಂಚು ತಾನಾಗೇ ಬಂಡೆಯ ಹಾಗೆ ಕಾಣುತ್ತದೆ. ಎರಡು ಪದರ ಒಂದರ ಮೇಲೊಂದು, ಸ್ವಲ್ಪ ಹಿಂದೆ ಮುಂದೆ ಮಾಡಿ ಫೆವಿಕಾಲ್‌ನಲ್ಲಿ ಅಂಟಿಸಿ. ಅದರ ಬುಡದಿಂದ ಒಂದು ಉಕ್ಕಿನ ಹಲಗೆ ಓರೆಯಾಗಿ ಮಣ್ಣಿನಲ್ಲಿ ಹೂತ ಹಾಗೆ ಎಟಿಎಂ ಕಾರ್ಡಿನ ತುಂಡು ಇಡಿ. ಅದರ ಪಕ್ಕ ರೀಫಿಲ್ ಪೈಪು. ಇಲ್ಲಿಗೆ ನಿಲ್ಲಿಸಿ! ನಿಜವಾಗಿಯೂ ನಿಲ್ಲಿಸಿ. ಜಾಲಿ, ಕೇಬಲ್, ಏಣಿ, ತಲೆಬುರುಡೆ ಎಲ್ಲ 32 ಮಿ.ಮೀ. ಒಳಗೆ ತುರುಕಿದರೆ ಗುಜರಿ ಅಂಗಡಿ ಆಗುತ್ತದೆ. ಒಂದು ಬೇಸ್‌ಗೆ ಕಣ್ಣು ನಿಲ್ಲುವ ವಸ್ತು ಒಂದೇ ಇರಲಿ. ಜಾಲಿಯನ್ನು ಮುಂದಿನ ಸೈನಿಕನಿಗೆ ಎತ್ತಿಡಿ. ಆಟ ಆಡುವವರಾದರೆ ಬೇಸ್‌ನ ಅಗಲ ಬದಲಾಯಿಸಬೇಡಿ, ವಿಪರೀತ ಎತ್ತರವೂ ಮಾಡಬೇಡಿ. ಯಾರು ಯಾರಿಗೆ ಕಾಣುತ್ತಾರೆ ಅನ್ನುವುದರ ಮೇಲೆ ಆಟದಲ್ಲಿ ಜಗಳ ಬರುತ್ತದೆ.

ಬಂಡೆಗೂ ಬೇಸ್‌ಗೂ ನಡುವಿನ ಮೆಟ್ಟಿಲನ್ನು ಎಂ-ಸೀಲ್ ಇಟ್ಟು ಇಳಿಜಾರು ಮಾಡಿ. ಎರಡು ಉಂಡೆಯನ್ನೂ ಒಂದೇ ಬಣ್ಣ ಬರುವವರೆಗೆ ನಾದಬೇಕು. ಬೆರಳು ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ. ಗಟ್ಟಿಯಾಗುವ ಮೊದಲು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಕುಟ್ಟಿ, ನೆಲದ ಒರಟು ಬರುತ್ತದೆ.

ಈಗ ಮರಳು. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ, ಹಳೆ ಬ್ರಶ್‌ನಲ್ಲಿ ಮಣ್ಣು ಬೇಕಾದ ಕಡೆ ಹಚ್ಚಿ. ಬೂಟಿನ ಗುರುತು ಮತ್ತು ಬೇಸ್‌ನ ಹೊರ ಅಂಚಿಗೆ ತಾಗಬಾರದು. ಮೊದಲು ನಾಲ್ಕೈದು ದಪ್ಪ ಕಲ್ಲು, ಬಂಡೆಯ ಬುಡದಲ್ಲಿ. ಆಮೇಲೆ ಸಣ್ಣ ಜಲ್ಲಿ. ಕೊನೆಗೆ ಟೀ ಜರಡಿಯಲ್ಲಿ ಸೋಸಿದ ನಯ ಮರಳು. ಬೆಟ್ಟದ ಬುಡದಲ್ಲಿ ದೊಡ್ಡ ಕಲ್ಲು, ದೂರ ಹೋದ ಹಾಗೆ ಸಣ್ಣದು. ಎಲ್ಲ ಕಡೆ ಒಂದೇ ಗಾತ್ರದ ಮರಳು ಚೆಲ್ಲಿದರೆ ಚಕ್ಕುಲಿಗೆ ಎಳ್ಳು ಮೆತ್ತಿದ ಹಾಗೆ ಕಾಣುತ್ತದೆ. ಸಮುದ್ರದ ಮರಳು ತಂದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿ, ಉಪ್ಪು ಉಳಿದರೆ ಆಮೇಲೆ ಬೆಳ್ಳಗೆ ಮೇಲೇಳುತ್ತದೆ.

ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮರಳಿನ ಮೇಲೆ ತೊಟ್ಟಿಕ್ಕಿಸಿ. ಸೋಪಿನಿಂದಾಗಿ ನೀರು ಹನಿಯಾಗಿ ನಿಲ್ಲದೆ ಕಾಳುಗಳ ನಡುವೆ ಇಳಿಯುತ್ತದೆ. ಈ ಎರಡನೆಯ ಅಂಟು ಹಾಕದಿದ್ದರೆ ಆಮೇಲೆ ಡ್ರೈಬ್ರಶ್ ಮಾಡುವಾಗ, ಅಂದರೆ ಒಣ ಬ್ರಶ್‌ನಲ್ಲಿ ಬಣ್ಣ ಉಜ್ಜುವಾಗ, ಅರ್ಧ ಮಂಗಳ ಮೇಜಿನ ಮೇಲಿರುತ್ತದೆ.

ಆಳನ್ನು ಜೋಡಿಸುವುದು

ಚೌಕಟ್ಟಿನಿಂದ ತುಂಡುಗಳನ್ನು ಚಪ್ಪಟೆ ಬಾಯಿಯ ಕಟರ್‌ನಿಂದ ಬಿಡಿಸಿ. ಅಚ್ಚಿನ ಎರಡು ಹೋಳು ಸೇರಿದ ಕಡೆ ಕೂದಲೆಳೆಯಂಥ ಗೆರೆ ಇರುತ್ತದೆ. ಬ್ಲೇಡಿನ ಬೆನ್ನಿನಿಂದ ಕೆರೆದು ತೆಗೆಯಿರಿ. ಈಗ ಕಾಣಲ್ಲ ಬಿಡು ಅನಿಸುತ್ತದೆ. ವಾಶ್ ಹಾಕಿದ ಕೂಡಲೇ ಎದ್ದು ಕಾಣುತ್ತದೆ.

ಪಾಲಿಸ್ಟೈರೀನ್ ಗೊಂಬೆಗೆ ಪ್ಲಾಸ್ಟಿಕ್ ಸಿಮೆಂಟ್ ಒಳ್ಳೆಯದು. ತಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ನಾನು ಬಳಸುವುದು. ಅದು ಅಂಟಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಒಂದು ಮಾಡುತ್ತದೆ. ಹಾಗಾಗಿ ರೆಸಿನ್ ಗೊಂಬೆಗೆ, ಲೋಹದ್ದಕ್ಕೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಫೆವಿಕ್ವಿಕ್. 3ಡಿ ಪ್ರಿಂಟ್ ರೆಸಿನ್ ಗೊಂಬೆ ಉಜ್ಜುವಾಗ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಎದೆಗೆ ಅಡ್ಡ ಹಿಡಿದ ಬಂದೂಕನ್ನು ಈಗಲೇ ಅಂಟಿಸಬೇಡಿ. ಹಿಂದೆ ಬ್ರಶ್ ಹೋಗುವುದಿಲ್ಲ. ಬೇರೆಯಾಗಿ ಬಣ್ಣ ಹಚ್ಚಿ ಆಮೇಲೆ ಸೇರಿಸಿ. ಬಲಗಾಲಿನ ಅಡಿಗೆ 1 ಮಿ.ಮೀ. ಕೈ ಡ್ರಿಲ್‌ನಲ್ಲಿ ತೂತು ಮಾಡಿ, ಪೇಪರ್ ಕ್ಲಿಪ್ಪಿನ ಒಂದಿಷ್ಟುದ್ದ ತಂತಿ ಫೆವಿಕ್ವಿಕ್ ಹಾಕಿ ಕೂರಿಸಿ. ಬಣ್ಣ ಹಚ್ಚುವಾಗ ಈ ತಂತಿಯನ್ನು ಬಾಟಲಿ ಬಿರಡೆಗೆ ಚುಚ್ಚಿ ಹಿಡಿದುಕೊಳ್ಳಬಹುದು. ಕೊನೆಯಲ್ಲಿ ಅದೇ ತಂತಿ ಬೇಸ್‌ನ ತೂತಿಗೆ ಇಳಿಯುತ್ತದೆ.

ಪ್ರೈಮರ್, ಅಥವಾ ಮಳೆರಾಯನ ಕೃಪೆ

ಪ್ರೈಮರ್ ಇಲ್ಲದೆ ಬಣ್ಣ ನಿಲ್ಲುವುದಿಲ್ಲ, ಉಗುರು ತಾಗಿದರೆ ಎದ್ದು ಬರುತ್ತದೆ. ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಚಿಕ್ಕ ಚಿಕ್ಕ ಬೀಸಿನಲ್ಲಿ ಹಾಯಿಸಿ. ಒಂದೇ ಸಲ ಮುಚ್ಚಲು ಹೋಗಬೇಡಿ. ಬೇರೆ ದೇಶದ ಮಾರ್ಗದರ್ಶಿಗಳಲ್ಲಿ ಇಷ್ಟೇ ಇರುತ್ತದೆ. ನಮ್ಮಲ್ಲಿ ಹವಾಮಾನವನ್ನೂ ಕೇಳಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಪ್ರೈಮರ್ ಮಂಜು ಹಿಡಿದ ಹಾಗೆ ಪುಡಿಪುಡಿಯಾಗಿ ಕೂರುತ್ತದೆ. ಒಂದು ಜುಲೈನಲ್ಲಿ, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ತಾರಸಿಗೆ ಓಡಿ ಹತ್ತು ಗೊಂಬೆಗೆ ಸ್ಪ್ರೇ ಹೊಡೆದೆ. ಹತ್ತೂ ಗೊಂಬೆಗಳ ಮೈ ಉಪ್ಪು ಕಾಗದ ಆಯಿತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿ ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು.

ಕರಾವಳಿಯವರು, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮರೆತುಬಿಡಿ. ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ. ಎರಡು ತೆಳು ಕೋಟು, ನಡುವೆ ಚೆನ್ನಾಗಿ ಒಣಗಲು ಬಿಟ್ಟರೆ ಏನೂ ಮೋಸವಿಲ್ಲ. ಗಾಡಿ ಬಿಡಿಭಾಗದ ಅಂಗಡಿಯ ಪ್ರೈಮರ್ ಅಗ್ಗ, ಆದರೆ ದಪ್ಪಕ್ಕೆ ಬಿದ್ದರೆ ಪ್ಲಾಸ್ಟಿಕ್ ತಿನ್ನಬಹುದು. ಮೊದಲು ಖಾಲಿ ಚೌಕಟ್ಟಿನ ಮೇಲೆ ಹೊಡೆದು ನೋಡಿ.

ನಾನು ಇಡೀ ಗೊಂಬೆಗೆ ಕಪ್ಪು ಹಾಕಿ, ಅದು ಒಣಗಿದ ಮೇಲೆ ಬಿಳಿ ಬೂದನ್ನು ನೆತ್ತಿಯ ಕಡೆಯಿಂದ ಮಾತ್ರ ಹಾಯಿಸುತ್ತೇನೆ. ನಡು ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಅಂತ ಅದೇ ತೋರಿಸುತ್ತದೆ. ಮುಂದಿನ ಎಲ್ಲ ಕೆಲಸಕ್ಕೆ ಅದೇ ನಕ್ಷೆ. ಬೇಸ್‌ಗೂ ಇದೇ ಪ್ರೈಮರ್, ಆದರೆ ಬೇರೆಯಾಗಿ.

ನೀಲಿ ಕವಚ

ಬಣ್ಣದ ಹದ ಅಂದರೆ ನೀರು ದೋಸೆ ಹಿಟ್ಟಿನ ಹದ, ಉದ್ದಿನ ದೋಸೆಯದ್ದಲ್ಲ. ಸೀಸೆಯಿಂದ ಎತ್ತಿ ನೇರ ಗೊಂಬೆಗೆ ಬಳಿದರೆ ಕೆತ್ತನೆಯೆಲ್ಲ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಸ್ವೀಟ್ ಡಬ್ಬಿಯ ತಳಕ್ಕೆ ಒದ್ದೆ ಸ್ಪಾಂಜು ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಡಿ. ಅದರ ಮೇಲೆ ಬಣ್ಣ ಕಲಸಿದರೆ ಗಂಟೆಗಟ್ಟಲೆ ಒಣಗುವುದಿಲ್ಲ. ಮೇಣ ಹಚ್ಚಿದ ಕಾಗದ ತರಬೇಡಿ, ಅದರಲ್ಲಿ ನೀರು ಮೇಲೆ ಬರುವುದಿಲ್ಲ.

ಗಾಢ ನೀಲಿ ಎರಡು ಕೋಟು. ಮೊದಲನೆಯದು ಒಣಗಿದಾಗ ಪಟ್ಟೆ ಪಟ್ಟೆಯಾಗಿ, ಅಸಹ್ಯವಾಗಿ ಕಾಣುತ್ತದೆ. ಹೆದರಬೇಡಿ, ದಪ್ಪ ಮಾಡಲೂಬೇಡಿ. ಎರಡನೆಯದು ಎಲ್ಲ ಸರಿ ಮಾಡುತ್ತದೆ. ಬಂದೂಕಿಗೆ ಕಪ್ಪು, ಅದರ ಲೋಹದ ಭಾಗಕ್ಕೆ ಬೆಳ್ಳಿ. ಮೊಣಕೈ, ಮಂಡಿಯ ಸಂದಿಗೆ ಕಪ್ಪು. ಎದೆಯ ಹದ್ದು ಮತ್ತು ಭುಜದ ಅಂಚಿಗೆ ಚಿನ್ನ. ಅಲ್ಟ್ರಾಮರೀನ್‌ಗಳಲ್ಲಿ ಭುಜದ ಅಂಚಿನ ಬಣ್ಣ ಯಾವ ತುಕಡಿ ಅಂತ ಹೇಳುತ್ತದೆ, ಚಿನ್ನ ಅಂದರೆ ಎರಡನೆಯ ಕಂಪನಿ.

ವಾಶ್ ಅಂದರೆ ಬಣ್ಣದ ತಿಳಿ ಸಾರು. ಅದನ್ನು ಇಡೀ ಮೈಗೆ ಸುರಿದರೆ ಚಪ್ಪಟೆ ಜಾಗದಲ್ಲೆಲ್ಲ ಟೀ ಕಲೆಯಂತೆ ಉಳಿಯುತ್ತದೆ. ಕವಚದ ಸಂದುಗಳಿಗೆ ಮಾತ್ರ ಮೊನೆಯಿಂದ ಮುಟ್ಟಿಸಿ, ಅದೇ ಓಡಿಕೊಂಡು ಹೋಗುತ್ತದೆ. ಬೆಳ್ಳಿ, ಚಿನ್ನದ ಮೇಲೆ ಧಾರಾಳವಾಗಿ ಹಾಕಬಹುದು, ಅಲ್ಲಿ ಅದು ಚೆಂದವೇ.

ಅಂಚು ಎಳೆಯುವುದು ತಾಳ್ಮೆಯ ಕೆಲಸ, ಈ ಗೊಂಬೆಗಳ ಮುಖ್ಯ ಸೊಗಸೂ ಅಲ್ಲೇ ಇದೆ. ತಿಳಿ ನೀಲಿ ಬಣ್ಣ ತಗೊಂಡು, ಬ್ರಶ್‌ನ ಮೊನೆಯಲ್ಲ, ಪಕ್ಕೆಯನ್ನು ಕವಚದ ಚೂಪಾದ ಅಂಚಿಗೆ ತಾಗಿಸಿ ಎಳೆಯಿರಿ. ಅಂಚೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಉಸಿರು ಬಿಡುತ್ತಾ ಎಳೆದರೆ ಕೈ ನಡುಗುವುದು ಕಡಿಮೆ. ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ. ಆಮೇಲೆ ಬೂದು ಮಿಶ್ರಿತ ತಿಳಿ ನೀಲಿಯನ್ನು ಅಂಚುಗಳು ಸೇರುವ ಮೂಲೆಗಳಿಗೆ ಮಾತ್ರ, ಚುಕ್ಕಿಯಾಗಿ ಇಡಿ. ತಪ್ಪಿದ ಕಡೆ ಗಾಢ ನೀಲಿಯಿಂದ ಒಳಗಿನಿಂದ ತಿದ್ದಿ. ನನಗೆ ಈಗಲೂ ಎಳೆಯುವುದಕ್ಕಿಂತ ತಿದ್ದುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಹೆಲ್ಮೆಟ್ಟಿನ ಕಣ್ಣಿಗೆ ಮೊದಲು ಕಪ್ಪು. ಅದರೊಳಗೆ ಕೆಂಪು. ಕೆಳಗಿನ ಒಂದು ಮೂಲೆಯಲ್ಲಿ ಕಿತ್ತಳೆ ಗೆರೆ, ಅದರ ಎದುರಿನ ಮೇಲಿನ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕಿ. ಗಾಜಿನ ಹೊಳಪು ಬರುತ್ತದೆ. ಮುಖ ತೋರುವ ತಲೆಯನ್ನು ಮೊದಲ ಗೊಂಬೆಗೆ ಹಾಕಬೇಡಿ, ಸುಮ್ನೆ ಬೇಜಾರಾಗುತ್ತದೆ.

ಇಲ್ಲಿಗೆ ಗೊಂಬೆಗೆ ಮ್ಯಾಟ್ ವಾರ್ನಿಶ್ ಹಚ್ಚಿ ಒಣಗಿಸಿ. ಸ್ಪ್ರೇ ವಾರ್ನಿಶ್‌ಗೂ ತೇವದ ನಿಯಮ ಅದೇ. ಪ್ರೈಮರ್ ಹಾಳಾದರೆ ಒಂದು ಭಾನುವಾರ ಹೋಗುತ್ತದೆ, ವಾರ್ನಿಶ್ ಬೆಳ್ಳಗಾದರೆ ಇಡೀ ತಿಂಗಳ ಕೆಲಸ ಹೋಗುತ್ತದೆ.

ನೆಲಕ್ಕೆ ಬಣ್ಣ

ಬಂಡೆಗೆ ಗಾಢ ಬೂದು, ಮಣ್ಣಿಗೆ ಗಾಢ ಕಂದು. ಒಣಗಿದ ಮೇಲೆ ಎಲ್ಲದರ ಮೇಲೂ ಕಂದು ವಾಶ್. ಇಲ್ಲಿ ಧಾರಾಳ ಮಾಡಿ.

ಈಗ ಡ್ರೈಬ್ರಶ್. ಹಳೆ ಚಪ್ಪಟೆ ಬ್ರಶ್‌ಗೆ ಬಣ್ಣ ತಗೊಂಡು, ಕಾಗದಕ್ಕೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಅನಿಸುವಷ್ಟು ತೆಗೆಯಿರಿ. ಕೈ ಬೆನ್ನಿನ ಮೇಲೆ ಎಳೆದರೆ ಚರ್ಮದ ಗೆರೆಗಳು ಮಾತ್ರ ಬಣ್ಣ ಹಿಡಿಯಬೇಕು, ಅದೇ ಹದ. ಬಂಡೆಯ ಮೇಲೆ ತಿಳಿ ಬೂದು. ಮಣ್ಣಿನ ಮೇಲೆ ಕಂದಿಗೆ ಕಿತ್ತಳೆ ಬೆರೆಸಿ ಒಂದು ಸಲ, ಆಮೇಲೆ ಮರಳು ಬಣ್ಣ ಬಹಳ ಹಗುರವಾಗಿ. ರೋವರ್‌ಗಳು ಕಳಿಸಿದ ಚಿತ್ರ ಗಮನಿಸಿದರೆ ಗೊತ್ತಾಗುತ್ತದೆ, ಮಂಗಳದ ನೆಲ ರಕ್ತದಂಥ ಕೆಂಪಲ್ಲ, ಜೋನಿ ಬೆಲ್ಲದ ಕಡೆಗೆ ವಾಲಿದ ಬಣ್ಣ.

ಉಕ್ಕಿನ ಹಲಗೆಗೆ ಕಪ್ಪು ಕಂದು ಹಚ್ಚಿ, ಅಂಚಿನಲ್ಲಿ ಮಾತ್ರ ಬೆಳ್ಳಿ. ಪಾತ್ರೆ ತಿಕ್ಕುವ ಸ್ಪಾಂಜಿನ ಚೂರು ಹರಿದು, ಕಿತ್ತಳೆ ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ, ಹಲಗೆಯ ಮೇಲೆ ಅಲ್ಲಲ್ಲಿ ಮುಟ್ಟಿಸಿ. ತುಕ್ಕು ರೆಡಿ. ನೀರೇ ಹರಿಯದ ಮಂಗಳದಲ್ಲಿ ಇಷ್ಟು ತುಕ್ಕು ಹೇಗೆ ಅಂತ ನಮ್ಮ ಮನೆಯಲ್ಲೇ ಒಬ್ಬರು ಕೇಳಿದರು. ಕಾರ್ಖಾನೆಯವರು ನೀರು ಬಿಟ್ಟಿದ್ದಾರೆ ಅಂದೆ.

ಧೂಳು

ಮೊದಲು ಗೊಂಬೆಯನ್ನು ನಿಲ್ಲಿಸೋಣ. ಬೂಟಿನ ಗುರುತಿನಲ್ಲಿ ಬಣ್ಣ ಕೆರೆದು ಪ್ಲಾಸ್ಟಿಕ್ ಕಾಣಿಸಿ, ತೂತು ಕೊರೆದು, ತಂತಿ ಇಳಿಸಿ, ಫೆವಿಕ್ವಿಕ್ ಒಂದು ಹನಿ. ಬೂಟಿಗೂ ನೆಲಕ್ಕೂ ನಡುವೆ ಬೆಳಕು ಕಂಡರೆ ಫೆವಿಕಾಲ್ ಬೆರೆಸಿದ ಮರಳು ತುಂಬಿ, ಬಣ್ಣ ಮಾಡಿ. ಒಂದೂವರೆ ಟನ್ನಿನ ಹಾಗೆ ಕಾಣುವ ಆಳು ಗಾಳಿಯಲ್ಲಿ ತೇಲಬಾರದು.

ರೆಡ್ ಆಕ್ಸೈಡ್ ಪುಡಿ ಹಾಗೇ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಒಂದು ಚಿಟಿಕೆ ಪುಡಿಗೆ ಎರಡು ಚಿಟಿಕೆ ಬಳಪದ ಪುಡಿ, ಒಂದು ಚಿಟಿಕೆ ಸೋಸಿದ ಒಣ ಮಣ್ಣು ಬೆರೆಸಿ. ಮಾಸ್ಕ್ ಹಾಕಿ, ಫ್ಯಾನ್ ಆರಿಸಿ, ಹಳೆ ಬಟ್ಟೆ ತೊಡಿ. ಬಿಳಿ ಪಂಚೆಗೆ ಬಿದ್ದರೆ ಅದು ಆಮೇಲೆ ಪಂಚೆಯಲ್ಲ, ಕಾವಿ.

ಮೃದು ಬ್ರಶ್ಶಿನಿಂದ ಬಂಡೆಯ ನೆತ್ತಿಗೆ, ಸಂದಿಗೆ, ಹಲಗೆ ಹೂತ ಜಾಗಕ್ಕೆ ತಟ್ಟಿ. ಬಳಿಯಬೇಡಿ, ತಟ್ಟಿ. ಆಮೇಲೆ ಅದೇ ಬ್ರಶ್‌ನಿಂದ ಬೂಟಿಗೆ, ಮಂಡಿಯ ಕೆಳಗಿನ ಕವಚಕ್ಕೆ, ಮೇಲೆ ಹೋದ ಹಾಗೆ ಕಡಿಮೆ ಮಾಡುತ್ತಾ ತಟ್ಟಿ. ನೆಲ ಆಳಿನ ಕಾಲಿಗೆ ಹತ್ತಬೇಕು. ಹೊಳೆಯುವ ನೀಲಿ ಬೂಟು ಧೂಳಿನ ನೆಲದ ಮೇಲೆ ಎಷ್ಟು ಸುಳ್ಳು ಕಾಣುತ್ತದೆ ಅಂತ ಈಗ ಗೊತ್ತಾಗುತ್ತದೆ. ಪುಡಿ ನಿಲ್ಲಲು ಡ್ರಾಪರ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಪಕ್ಕದಲ್ಲಿ ಬಿಡಿ, ಅದೇ ಹರಡುತ್ತದೆ. ಒದ್ದೆಯಾದಾಗ ಕಪ್ಪಾಗಿ ಕಂಡರೆ ಗಾಬರಿ ಬೇಡ, ಒಣಗಿದಾಗ ಮತ್ತೆ ತಿಳಿಯಾಗುತ್ತದೆ. ಇದರ ಮೇಲೆ ವಾರ್ನಿಶ್ ಹಾಕಿದರೆ ಮಾತ್ರ ಧೂಳು ಮಂಕಾಗಿ, ಅರ್ಧ ಮಾಯವಾಗುತ್ತದೆ. ಅದಕ್ಕೇ ವಾರ್ನಿಶ್ ಮೊದಲೇ ಮುಗಿಸಿದ್ದು. ಗೊಂಬೆಯನ್ನು ಆಟಕ್ಕೆ ಇಳಿಸುವವರು ಧೂಳನ್ನು ಸ್ವಲ್ಪ ಜಾಸ್ತಿ ಹಾಕಿ, ತೆಳು ಮ್ಯಾಟ್ ಕೋಟು ಕೊಡಬಹುದು. ಬೇಸ್ ಹಿಡಿದು ಎತ್ತುವ ಅಭ್ಯಾಸವಂತೂ ಮಾಡಿಕೊಳ್ಳಿ.

ಕೊನೆಗೆ ಬೇಸ್‌ನ ಸುತ್ತಿನ ಪಟ್ಟಿಗೆ ಅಚ್ಚ ಕಪ್ಪು, ಎರಡು ಕೋಟು. ಅಂಚು ಸರಿಯಿಲ್ಲದ ಸೀರೆ ಎಷ್ಟು ಬೆಲೆ ಬಾಳಿದರೂ ಸೊರಗಿದ ಹಾಗೆ ಕಾಣುತ್ತದಲ್ಲ, ಹಾಗೆ ಇದೂ.

ಹಳೆ ಗೊಂಬೆಗಳು ನಿಮ್ಮಲ್ಲೂ ಸೋಡಾ ಮುಚ್ಚಳದ ಮೇಲೆ ನಿಂತಿದ್ದರೆ ಬಿಡಿಸಿ ಹೊಸ ನೆಲಕ್ಕೆ ಹತ್ತಿಸಬಹುದು. ಫೆವಿಕ್ವಿಕ್ ಹಾಕಿದ್ದರೆ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ, ಅಂಟು ಗಡುಸಾಗಿ ಸಣ್ಣ ತಿರುವಿಗೆ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ, ತೆಳು ಬ್ಲೇಡಿನಿಂದ ಬೂಟಿನ ಅಡಿ ಕೊಯ್ಯಬೇಕು. ಹೋದ ತಿಂಗಳು ನನ್ನ ಐವರಲ್ಲಿ ಒಬ್ಬನನ್ನು ಹೀಗೆ ಬಿಡಿಸಲು ಹೋಗಿ, ಅವನ ಎಡ ಬೂಟು ಹಳೆ ಬೇಸ್‌ನಲ್ಲೇ ಉಳಿಯಿತು. ಹೊಸ ಬೇಸ್‌ನಲ್ಲಿ ಅವನ ಎಡಗಾಲಿನ ಸುತ್ತ ಮರಳು ಗುಡ್ಡೆ ಹಾಕಿದ್ದೇನೆ. ಮೊಣಕಾಲವರೆಗೆ ಧೂಳಿನಲ್ಲಿ ಹೂತುಕೊಂಡು ನಡೆಯುತ್ತಿದ್ದಾನೆ. ಐವರಲ್ಲಿ ಈಗ ಅವನೇ ಚೆನ್ನಾಗಿ ಕಾಣುವುದು.